ದೀಪದ ಹೊತ್ತಿನ ಉತ್ತರ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಕೆಳಗಿನ ಮಾತು. ನಮ್ಮ ವಠಾರದ ಹಿಂದುಗಡೆ ತಗಡು ಒತ್ತುವ ಫ್ಯಾಕ್ಟರಿ ಇದೆ. ಅವರು ರಾತ್ರಿ ಪಾಳಿ ನಿಲ್ಲಿಸಿಬಿಟ್ಟರು. ಪ್ರೆಸ್ ಮಿಷಿನ್ನು ರಾತ್ರಿಯೆಲ್ಲ ದಡ್ ದಡ್ ಅಂತ ಬಡಿಯುತ್ತಿದ್ದಾಗ ಬೈದುಕೊಂಡೇ ಮಲಗುತ್ತಿದ್ದೆ, ಬೈದುಕೊಂಡೇ ನಿದ್ದೆ ಬರುತ್ತಿತ್ತು. ಸದ್ದು ನಿಂತ ದಿನದಿಂದ ನಿದ್ದೆ ಇಲ್ಲ. ಹಗಲೂ ಅಷ್ಟೆ, ಕೂತಲ್ಲಿ ಕೂರೋಕೆ ಆಗದು. ಸೊಪ್ಪು ಬಿಡಿಸೋಕೆ ಕೂತರೆ ಅರ್ಧಕ್ಕೆ ಎದ್ದು ತಾರಸಿಗೆ ಹೋಗುವುದು, ಫ್ಯಾಕ್ಟರಿ ಗೇಟಿನ ಮುಂದೆ ಲಾರಿ ನಿಂತಿದೆಯಾ ಅಂತ ನೋಡುವುದು, ಇಳಿಯುವುದು. ಮಂಡಿ ನೋವು ಬೇರೆ. ಆದರೂ ಹತ್ತುವುದು ಬಿಡಲಿಲ್ಲ. ಲಾರಿ ನಿಂತಿದ್ದರೆ ನಾನೇನು ಲೋಡು ಹೊರಬೇಕಾಗಿತ್ತಾ? ಇಲ್ಲ. ಆದರೂ.

ನಮ್ಮದು ಮಾಕಳಿಯ ಹಳೆ ಮನೆತನ ಅಂತ ಹೇಳಿಕೊಳ್ಳಬಹುದು, ಅದರಿಂದ ಉಪಯೋಗವಿಲ್ಲ. ರಾಗಿ ಹೊಲ ಇದ್ದ ಕಡೆ ಈಗ ಶೆಡ್ಡುಗಳು. ಉಳಿದ ಜಾಗದಲ್ಲಿ ನನ್ನ ಗಂಡ ಸಾಲಾಗಿ ರೂಮು ಕಟ್ಟಿ, ಬಾಡಿಗೆಗೆ ಬಿಟ್ಟು, ಸತ್ತ. ನಡುವೆ ಒಂದು ನಲ್ಲಿ, ಒಂದು ತುಳಸಿ ಕಟ್ಟೆ, ಮುಂದೆ ಒಂದು ಗೇಟು. ಬಾಡಿಗೆಗೆ ಇರುವವರು ಹೆಚ್ಚಿಗೆ ಕೊಪ್ಪಳ, ರಾಯಚೂರು ಕಡೆಯವರು. ಗಂಡಸರು ಫ್ಯಾಕ್ಟರಿಗೆ ಹೋಗುತ್ತಾರೆ, ಹೆಂಗಸರಲ್ಲಿ ಕೆಲವರು ಗಾರ್ಮೆಂಟ್ಸಿಗೆ, ಕೆಲವರು ಮನೆಯಲ್ಲಿ.

ನಾನು ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಹಲ್ಲುಜ್ಜುತ್ತೇನೆ. ಮೊದಲಿನಿಂದ ಹಾಗೇ. ಎಲ್ಲರೂ ನನ್ನ ಮುಖ ನೋಡಿಕೊಂಡೇ ಡ್ಯೂಟಿಗೆ ಹೋಗಬೇಕು. ಗಂಡ ಸತ್ತ ಹೊಸದರಲ್ಲಿ ಒಬ್ಬ ಬಾಡಿಗೆಯವನು, "ಅಮ್ಮಾ, ತಪ್ಪು ತಿಳೀಬೇಡಿ, ಬೆಳಿಗ್ಗೆ ನೀವು ಎದುರು ಬಂದ್ರೆ ಹೋದ ಕೆಲಸ ಆಗಲ್ಲ" ಅಂದ. ಮುಂಡೆ ಮುಖ ನೋಡಬಾರದು ಅನ್ನುವುದನ್ನು ಮರ್ಯಾದೆಯಾಗಿ ಹೇಳಿದ್ದು ಅದು. "ಬಾಡಿಗೆ ಕೇಳೋಕೆ ಎದುರು ಬಂದಾಗ್ಲೂ ಇದೇ ಹೇಳ್ತೀಯೇನಪ್ಪ" ಅಂದೆ. ಆಮೇಲೆ ಯಾರೂ ಆ ಮಾತು ತೆಗೆಯಲಿಲ್ಲ. ನಾನೂ ಜಾಗ ಬಿಡಲಿಲ್ಲ.

ಪಾಳಿ ನಿಂತ ಆ ದಿನಗಳಲ್ಲೇ ಸರ್ವೇ ಹುಡುಗಿ ಬರೋಕೆ ಶುರು ಮಾಡಿದ್ದು. ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬು, ಬಿಸಿಲಿಗೆ ಒಂದು ಕೊಡೆ. ಎರಡು ತಿಂಗಳಿಗೊಮ್ಮೆ ಬರಬೇಕಂತೆ, ಅವೇ ಮನೆ, ಅವೇ ಪ್ರಶ್ನೆ.

"ಅಜ್ಜಿ, ಒಂದು ವರ್ಷದ ಹಿಂದಕ್ಕಿಂತ ಈಗ ದೇಶದ ಆರ್ಥಿಕ ಪರಿಸ್ಥಿತಿ ಚೆನ್ನಾಗಿದೆಯಾ, ಹಂಗೇ ಇದೆಯಾ, ಕೆಟ್ಟಿದೆಯಾ?"

"ದೇಶ ನಾನು ನೋಡಿಲ್ಲ ಕಣಮ್ಮ."

"ನಿಮಗೆ ಏನು ಅನ್ಸುತ್ತೆ, ಅಷ್ಟೇ ಹೇಳಿ."

"ಅನ್ಸೋದನ್ನ ಕೇಳ್ಕೊಂಡು ಬರೋಕೂ ಸಂಬಳ ಕೊಡ್ತಾರಾ?"

"ಕೊಡ್ತಾರೆ. ಕಮ್ಮಿ ಕೊಡ್ತಾರೆ."

ಆ ಉತ್ತರಕ್ಕೆ ಅವಳನ್ನು ಕೂರಿಸಿ ಟೀ ಕೊಟ್ಟೆ. ಕುಡಿಯುತ್ತಾ ಹೇಳಿದಳು. ಜನಕ್ಕೆ ಮುಂದಿನ ದಿನದ ಮೇಲೆ ಎಷ್ಟು ನಂಬಿಕೆ ಇದೆ ಅಂತ ಅಳೆಯುತ್ತಾರಂತೆ. ಕೆಲಸ ಸಿಗುತ್ತಾ, ಸಾಮಾನಿನ ರೇಟು ಏರುತ್ತಾ, ಸಂಬಳ ಏರುತ್ತಾ, ಖರ್ಚು ಮಾಡುತ್ತೀರಾ ಇಲ್ಲಾ ಕೈ ಬಿಗಿ ಹಿಡಿಯುತ್ತೀರಾ. ಈಗ ಹೇಗಿದೆ ಅಂತ ಒಂದು ಸಲ, ಮುಂದಿನ ವರ್ಷ ಹೇಗಿರುತ್ತೆ ಅಂತ ಇನ್ನೊಂದು ಸಲ. ಎಲ್ಲ ಊರಿನದೂ ಸೇರಿಸಿ ಒಂದು ನಂಬರು ತೆಗೆಯುತ್ತಾರೆ. ನೂರರ ಮೇಲಿದ್ದರೆ ಜನಕ್ಕೆ ನಂಬಿಕೆ ಇದೆ, ಕೆಳಗಿದ್ದರೆ ಇಲ್ಲ.

"ಜ್ವರ ನೋಡ್ದಂಗೆ" ಅಂದೆ.

"ಜ್ವರ ಏರಿದ್ರೆ ಕೆಟ್ಟದ್ದು ಅಜ್ಜಿ. ಇದು ಏರಿದ್ರೆ ಒಳ್ಳೇದು."

"ಯಾರಿಗೆ?"

"ಬಡ್ಡಿ ಏರಿಸ್ಬೇಕಾ ಇಳಿಸ್ಬೇಕಾ ಅಂತ ಕೂತು ನೋಡೋರಿಗೆ. ನಂಬಿಕೆ ಇದ್ರೆ ಜನ ಖರ್ಚು ಮಾಡ್ತಾರೆ, ಇಲ್ದಿದ್ರೆ ಮುಚ್ಚಿಟ್ಕೋತಾರೆ."

ಅದು ನನಗೂ ಗೊತ್ತಿದ್ದದ್ದೇ. ಓವರ್‌ಟೈಮ್ ಇದ್ದಾಗ ಭಾನುವಾರ ಕೋಳಿ ಅಂಗಡಿ ಮುಂದೆ ಕ್ಯೂ ನಿಲ್ಲುತ್ತಿತ್ತು. ಪಾಳಿ ನಿಂತ ಮೇಲೆ ಅಂಗಡಿಯವನೇ ಹೊರಗೆ ಸ್ಟೂಲು ಹಾಕಿಕೊಂಡು ಬೀದಿ ನೋಡುತ್ತಾ ಕೂತಿರುತ್ತಿದ್ದ.

ಮೊದಲ ಎರಡು ಸಲ ಅವಳು ಬಂದದ್ದು ಬೆಳಿಗ್ಗೆ, ಗಂಡಸರು ಹೋದ ಮೇಲೆ. ನಲ್ಲಿ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಹೆಂಗಸರೆಲ್ಲ ಒಂದೇ ರಾಗ. ಎಲ್ಲಿ ಚೆನ್ನಾಗಿದೆ ಮೇಡಂ, ಸಾಯ್ತಿದೀವಿ. ಯಾರೂ ಚೆನ್ನಾಗಿದೆ ಅನ್ನಲಿಲ್ಲ. ಚೆನ್ನಾಗಿದೆ ಅಂದರೆ ಕಣ್ಣು ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಾರ್ಡು ಹಾಕಿಕೊಂಡು ಬಂದವರ ಮುಂದೆ ಚೆನ್ನಾಗಿದೆ ಅಂದರೆ ರೇಷನ್ ಕಾರ್ಡು ರದ್ದಾಗುತ್ತದೆ ಅಂತ ಎಲ್ಲರಿಗೂ ಭಯ. ಕೊನೆ ರೂಮಿನ ಕೊಪ್ಪಳದವಳು ಮಾತ್ರ ನಾಟಕ ಮಾಡಲಿಲ್ಲ. ಅವಳ ಗಂಡ ಹಿಂದುಗಡೆಯ ಫ್ಯಾಕ್ಟರಿಯಲ್ಲೇ ರಾತ್ರಿ ಪಾಳಿಗೆ ಹೋಗುತ್ತಿದ್ದವನು. ಈಗ ಕಾಂಟ್ರಾಕ್ಟರು ಕರೆದ ದಿನ ಕೆಲಸ, ಕರೆಯದ ದಿನ ಮನೆ. ಅವಳು ತೊಳೆಯುತ್ತಿದ್ದ ತಪ್ಪಲೆಯಿಂದ ತಲೆ ಎತ್ತದೆ, "ಕೆಟ್ಟೈತ್ರಿ. ಬರ್ಕೋರಿ" ಅಂದಳು.

ಮೂರನೇ ಸಲ ಹುಡುಗಿ ಸಂಜೆ ಬಂದಳು. ಬೆಳಿಗ್ಗೆ ಬಂದರೆ ಬರೀ ಹೆಂಗಸರು ಸಿಗುತ್ತಾರೆ, ದುಡಿಯುವವರನ್ನೂ ಕೇಳಬೇಕು ಅಂತ ಆಫೀಸಿನಲ್ಲಿ ಹೇಳಿದ್ದರಂತೆ. ಅವಳು ಗೇಟು ತೆಗೆದಾಗ ತುಳಸಿ ಕಟ್ಟೆಗೆ ದೀಪ ಇಟ್ಟಾಗಿತ್ತು. ಒಂದೊಂದೇ ರೂಮಿನ ಬಾಗಿಲಿಗೆ ಹೋಗಿ ಕೇಳಿದಳು. ಮುಂದಿನ ವರ್ಷ? ಒಳ್ಳೇದಾಗ್ತದ್ರಿ. ಕೆಲಸ? ಸಿಗ್ತದ್ರಿ, ಯಾಕ ಸಿಗಂಗಿಲ್ಲ. ಸಂಬಳ? ಏರ್ತದ್ರಿ. ಕೊಪ್ಪಳದವಳೂ ಸೆರಗು ಹೊದ್ದುಕೊಂಡು, "ಛಲೋ ಆಗ್ತೈತಿ" ಅಂದಳು. ಹುಡುಗಿ ಬೆರಳನ್ನು ಟ್ಯಾಬಿನ ಮೇಲೆ ಹಾಗೇ ಇಟ್ಟುಕೊಂಡು ನಿಂತಳು.

"ಅಕ್ಕಾ, ಹೋದ ಸಲ ಕೆಟ್ಟಿದೆ ಅಂದಿದ್ರಲ್ಲ."

"ಹ್ವಾದ ಸಲ ಮುಂಜಾನಿ ಬಂದಿದ್ರಿ."

ನಾವು ದೀಪ ಹಚ್ಚೋ ಹೊತ್ತಿನಲ್ಲಿ ಕೆಟ್ಟ ಮಾತು ಆಡುವ ಜನ ಅಲ್ಲ. ಆ ಹೊತ್ತಿನಲ್ಲಿ ಏನು ಆಡಿದರೂ ಮೇಲಿನವರು ಅಸ್ತು ಅಂದುಬಿಡುತ್ತಾರೆ ಅಂತ. ಬಳೆ ಒಡೆದರೂ ಒಡೀತು ಅನ್ನದೆ ಹೆಚ್ಚಿತು ಅನ್ನುತ್ತೇವೆ. ಅದರಲ್ಲಿ ಕೊಪ್ಪಳದವರು, ಮಾಕಳಿಯವರು ಅಂತ ಭೇದ ಇಲ್ಲ. ಹುಡುಗಿಗೆ ಅದು ಹೊಳೆಯಲಿಲ್ಲವೋ, ಹೊಳೆದರೂ ಟ್ಯಾಬಿನಲ್ಲಿ ಅದಕ್ಕೆ ಜಾಗ ಇರಲಿಲ್ಲವೋ. ಹೇಳಿದ್ದನ್ನು ಒತ್ತಿಕೊಂಡಳು.

ಅಷ್ಟು ಹೊತ್ತಿಗೆ ನಾನು ತಾರಸಿ ಹತ್ತಿ, ಹಿಂದಿನ ತುದಿಯಲ್ಲಿ ಬಟ್ಟೆ ತೆಗೆಯುವ ನೆಪದಲ್ಲಿ ಫ್ಯಾಕ್ಟರಿ ನೋಡುತ್ತಿದ್ದೆ. ಒಳಗೆ ಒಂದು ಲೈಟೂ ಇಲ್ಲ. ಹುಡುಗಿ ಮೇಲೆ ಬಂದು ನನ್ನನ್ನೂ ಕೇಳಿದಳು. "ಕೆಟ್ಟಿದೆ. ಮುಂದಿನ ವರ್ಷ ಇನ್ನೂ ಕೆಡುತ್ತೆ. ಕೆಲಸ ಸಿಗಲ್ಲ. ನಾನು ಖರ್ಚು ಮಾಡಲ್ಲ, ಇಗೋ ಈ ಗೋಡೆಗೆ ಸುಣ್ಣ ಕೂಡ ಹೊಡಿಸಲ್ಲ" ಅಂದೆ. ದೀಪ ಕೆಳಗಿತ್ತು, ಜನವೂ ಕೆಳಗಿದ್ದರು. ಯಾರಿಗೂ ಕೇಳಿಸಲಿಲ್ಲ.

ಆದದ್ದು ಆಮೇಲೆ. ಒಂದು ಮಧ್ಯಾಹ್ನ ನಾನು ರಾಗಿ ಮಿಲ್ಲಿಗೆ ಹೋಗಿದ್ದೆ. ಆಗ ಅವಳ ಸೂಪರ್‌ವೈಸರು ಬೈಕಿನಲ್ಲಿ ಬಂದ. ಬೆಳಿಗ್ಗೆ ಸಾಯ್ತಿದೀವಿ ಅಂದಿದ್ದ ವಠಾರ ಎರಡೇ ತಿಂಗಳಲ್ಲಿ ಹೇಗೆ ಇಷ್ಟು ಚೆನ್ನಾಯಿತು ಅಂತ ಆಫೀಸಿನಲ್ಲಿ ಅನುಮಾನ ಬಂದು, ಚೆಕ್ ಮಾಡೋಕೆ ಕಳಿಸಿದ್ದರು. ಅವನು ನಲ್ಲಿ ಹತ್ತಿರ ನಿಂತು, ಗಟ್ಟಿಯಾಗಿ, "ಸಂಬಳ ಏರುತ್ತೆ ಅಂತ ಹೇಳಿದ್ದು ನಿಮ್ಮಲ್ಲಿ ಯಾರು?" ಅಂದನಂತೆ. ಹಾಗೆ ಕೇಳಿದರೆ ಯಾರು ಒಪ್ಪುತ್ತಾರೆ? ರೇಷನ್ ಕಾರ್ಡು ಹೋಯಿತು ಅಂತಲೇ ಎಲ್ಲರೂ ಅಂದುಕೊಂಡಿದ್ದಾರೆ. ಇಲ್ಲ ಸಾರ್, ನಾವು ಹೇಳಿಲ್ಲ. ಯಾರೂ ಬಂದಿಲ್ಲ ಸಾರ್. ಯಾವ ಹುಡುಗಿ ಸಾರ್?

ಹುಡುಗಿ ಮಾರನೇ ದಿನ ಬಂದಳು. ಅಳುತ್ತಾ ಬರಲಿಲ್ಲ, ಸಿಟ್ಟಿನಲ್ಲಿ ಬಂದಳು. ಕೊಡೆಯನ್ನು ಗೇಟಿಗೆ ಕುಟ್ಟಿ ಒಳಗೆ ಬಂದು, "ನಿಮ್ಮ ವಠಾರದವರು ನನ್ನನ್ನ ಕಳ್ಳಿ ಮಾಡಿದ್ರು ಅಜ್ಜಿ" ಅಂದಳು. ಬಾಗಿಲಿಗೇ ಹೋಗದೆ ತಾನೇ ಉತ್ತರ ತುಂಬಿದ್ದಾಳೆ ಅಂತ ಅವಳ ಮೇಲೆ ಅಪವಾದ ಬಂದಿತ್ತು.

"ನೀನು ಎಲ್ಲಿದ್ದೆ ಅಂತ ಅದರಲ್ಲಿ ಗೊತ್ತಾಗಲ್ವಾ?" ಅಂತ ಟ್ಯಾಬು ತೋರಿಸಿ ಕೇಳಿದೆ.

"ಗೊತ್ತಾಗುತ್ತೆ. ಗೇಟಿನ ಮುಂದೆ ಕೂತ್ಕೊಂಡು ತುಂಬಿದೀಯ ಅಂತಾರೆ."

ಇನ್ನೊಂದು ಸಲ ಚೆಕ್ ಮಾಡುತ್ತಾರೆ, ಆಗಲೂ ಹೀಗೇ ಆದರೆ ಅವಳು ಮನೆಗೆ. ಮನೆಗೆ ಅಂದರೆ ಪೀಣ್ಯದ ಗಾರ್ಮೆಂಟ್ಸಿಗೆ. ಮೊದಲು ಅಲ್ಲಿ ಕಾಲರ್ ಹೊಲಿಯುತ್ತಿದ್ದಳು. ಬಚ್ಚಲಿಗೆ ಹೋದರೆ ಎಷ್ಟು ಹೊತ್ತು ಅಂತ ಹೊರಗೆ ನಿಂತು ಕಾಯುವ ಸೂಪರ್‌ವೈಸರಿಗೆ ಬಾಯಿಗೆ ಬಂದದ್ದು ಅಂದು ಬಿಟ್ಟುಬಂದಿದ್ದಳು. "ಮತ್ತೆ ಆ ಮಿಷಿನ್ ಮುಂದೆ ಕೂರಲ್ಲ ಅಜ್ಜಿ, ಬೇಕಾದ್ರೆ ಉಪವಾಸ ಇರ್ತೀನಿ" ಅಂದಳು. ಉಪವಾಸ ಇರ್ತೀನಿ ಅನ್ನುವವರು ಒಂದು ವಾರದಲ್ಲಿ ಮಿಷಿನ್ ಮುಂದೆ ಕೂತಿರುತ್ತಾರೆ, ನಾನು ನೋಡಿದ್ದೇನೆ.

ವಠಾರದವರನ್ನೆಲ್ಲ ಕರೆದು ಬೈದೆ. ಕೊಪ್ಪಳದವಳು, "ನಾವೇನ್ ಮಾಡಾದ್ರಿ ಯವ್ವಾ, ಪೊಲೀಸ್‌ನಂಗ ಕೇಳಿದ್ರ ಕಳ್ಳರಂಗ ಹೇಳ್ತೀವಿ" ಅಂದಳು. ಸರಿಯಾಗೇ ಇತ್ತು ಅವಳು ಅಂದದ್ದು. ಹುಡುಗಿಯ ಫೋನು ಇಸಕೊಂಡು ಸೂಪರ್‌ವೈಸರಿಗೆ ಮಾತಾಡಿದೆ. ನಾಳೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾ ಅಂದೆ.

"ಅಷ್ಟೊತ್ತಿಗೆ ನನ್ನ ಡ್ಯೂಟಿ ಮುಗಿದಿರುತ್ತೆ ಅಮ್ಮ."

"ನಮ್ಮೋರ ಡ್ಯೂಟಿನೂ ಆವಾಗ್ಲೇ ಮುಗಿಯೋದು. ಬೀಗ ಹಾಕಿದ ಮನೆಗೆ ಬಂದು ಏನಪ್ಪ ಚೆಕ್ ಮಾಡ್ತೀಯಾ, ಬೀಗನಾ?"

ಬರ್ತೀನಿ ಅಂದ.

ಮಾರನೇ ದಿನ ಮಧ್ಯಾಹ್ನ ಕೊಪ್ಪಳದವಳು ನನ್ನ ಬಾಗಿಲಿಗೆ ಬಂದಳು. ಒಂದು ಜೋಳದ ರೊಟ್ಟಿ, ಮೇಲೆ ಶೇಂಗಾ ಚಟ್ನಿ. ದಿನಾ ಸಂಜೆ ಕೊಡುವವಳು ಅವತ್ತು ಮಧ್ಯಾಹ್ನವೇ ತಂದಿದ್ದಳು. ಮುಖ ತೊಳೆದು ಅರಿಶಿನ ಹಚ್ಚಿದ್ದಳು. ನೆಲಮಂಗಲದ ಆಚೆ ಒಂದು ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಕೆಲಸಕ್ಕೆ ಜನ ತಗೊಳ್ತಿದ್ದಾರೆ, ನಾಳೆ ಬೆಳಿಗ್ಗೆ ಗಂಡನನ್ನು ಟೆಸ್ಟಿಗೆ ಕರೆದಿದ್ದಾರೆ ಅಂದಳು. ಇಷ್ಟು ವರ್ಷದಲ್ಲಿ ಅವನಿಗೆ ಪರ್ಮನೆಂಟ್ ಅನ್ನುವ ಮಾತು ಬಂದದ್ದು ಅದೇ ಮೊದಲು.

"ಇವತ್ತ ದೀಪದ ಹೊತ್ನ್ಯಾಗ ಆ ಸಾಹೇಬ ಬರ್ತಾನಂತಲ್ರಿ. ಯವ್ವಾ, ನೀವೂ ಛಲೋ ಮಾತ ಆಡ್ರಿ. ನಿಮ್ಮ ಬಾಯಿ ಸ್ವಲ್ಪ..." ಅಂತ ನಿಲ್ಲಿಸಿದಳು.

"ಕೆಟ್ಟದ್ದು ಅಂತ ಹೇಳು."

"ದೊಡ್ಡದು ಅಂತೀನ್ರಿ" ಅಂದು ನಕ್ಕಳು.

ರೊಟ್ಟಿ ತಿಂದೆ. ಹೂಂ ಅಂದೆನೋ ಬರೀ ತಲೆ ಆಡಿಸಿದೆನೋ ನೆನಪಿಲ್ಲ. ಅವಳು ಹೋದ ಮೇಲೆ ತಾರಸಿಗೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಹುಡುಗಿಯ ಟ್ಯಾಬಿನಲ್ಲಿ ನನ್ನ ಉತ್ತರ ಏನಿದೆ ಅಂತ ನನಗೆ ಗೊತ್ತಿತ್ತಲ್ಲ.

ಸೂಪರ್‌ವೈಸರು ಹೆಲ್ಮೆಟ್ಟನ್ನು ತೋಳಿಗೆ ನೇತು ಹಾಕಿಕೊಂಡು ಬಂದ. ಹುಡುಗಿಯನ್ನು ಗೇಟಿನ ಹೊರಗೇ ನಿಲ್ಲಿಸಿದ, ಒಳಗೆ ಬರಬಾರದು ಅಂದ. ದೀಪ ಇಟ್ಟಾಗಿತ್ತು. ಅವನು ಒಂದೊಂದು ಬಾಗಿಲಿಗೆ ಹೋದ. ಹುಡುಗಿ ಬಂದಿದ್ದಳಾ? ಬಂದಿದ್ಲು ಸಾರ್. ಮುಂದಿನ ವರ್ಷ? ಒಳ್ಳೇದಾಗ್ತದ್ರಿ. ಕೆಲಸ? ಸಿಗ್ತದ್ರಿ. ಕೊಪ್ಪಳದವಳ ಗಂಡ ಬೆನ್ನು ನೆಟ್ಟಗೆ ಮಾಡಿ ನಿಂತು, ಟೆಸ್ಟು ಇವತ್ತೇ ಅನ್ನುವ ಹಾಗೆ, "ಛಲೋ ಆಗ್ತೈತ್ರಿ ಸರ" ಅಂದ. ಎಲ್ಲ ಟ್ಯಾಬಿನಲ್ಲಿ ಇದ್ದ ಹಾಗೇ ಬಂತು. ಮುಗಿಯಿತು ಅಂದುಕೊಂಡೆ. ಅವನು ಟ್ಯಾಬು ನೋಡಿ ಗಲ್ಲ ಕೆರೆದುಕೊಂಡ.

"ಎಲ್ಲರೂ ಒಂದೇ ಮಾತು ಹೇಳ್ತಿದಾರಲ್ಲಮ್ಮ. ಹೇಳಿಕೊಟ್ಟಂಗಿದೆ."

"ಯಾರೂ ಹೇಳಿಕೊಟ್ಟಿಲ್ಲ. ದೀಪದ ಹೊತ್ತು. ಕೆಟ್ಟದ್ದು ಆಡಲ್ಲ ನಾವು."

"ಹಂಗಾದ್ರೆ ನೀವೂ ಒಳ್ಳೇದೇ ಹೇಳಿರಬೇಕಲ್ಲ" ಅಂದು ಟ್ಯಾಬನ್ನು ಎದೆಗೆ ಒತ್ತಿಕೊಂಡ, ನನಗೆ ಕಾಣದ ಹಾಗೆ. "ಹೇಳಿ. ಮುಂದಿನ ವರ್ಷ ಹೇಗಿರುತ್ತೆ?"

ಅವನು ದಡ್ಡ ಅಲ್ಲ. ಎಲ್ಲರ ಹಾಗಲ್ಲದ, ಹೇಳಿಕೊಡೋಕೆ ಆಗದ ಉತ್ತರ ವಠಾರದಲ್ಲಿ ಒಂದೇ ಇತ್ತು, ಅದು ನನ್ನದು. ಒಳ್ಳೇದು ಅಂದರೆ ಹುಡುಗಿ ಸುಳ್ಳು ಬರೆದವಳಾಗುತ್ತಾಳೆ. ಕೆಟ್ಟದ್ದು ಅನ್ನೋಣ ಅಂದರೆ, ತುಳಸಿ ಕಟ್ಟೆ ಹತ್ತಿರ ಕೊಪ್ಪಳದವಳು ದೀಪಕ್ಕೆ ಎಣ್ಣೆ ಬಿಡುತ್ತಾ ನನ್ನನ್ನೇ ನೋಡುತ್ತಿದ್ದಳು.

"ಮೇಲೆ ಬಾ, ಹೇಳ್ತೀನಿ" ಅಂದೆ.

"ಬೇಡಮ್ಮ. ಮೇಲಿಂದ ಗೇಟು ಕಾಣುತ್ತೆ, ಅವಳು ಸನ್ನೆ ಮಾಡ್ತಾಳೆ. ಇಲ್ಲೇ ಹೇಳಿ."

ಮೆಲ್ಲಗೆ ಹೇಳೋಣ ಅಂದುಕೊಂಡೆ. ನನ್ನ ಗಂಟಲಿಗೆ ಮೆಲ್ಲಗೆ ಬರುವುದಿಲ್ಲ. ಮಿಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಮಿಷಿನ್ನು ನಿಂತಿತ್ತು.

"ಕೆಟ್ಟಿದೆ. ಮುಂದಿನ ವರ್ಷ ಇನ್ನೂ ಕೆಡುತ್ತೆ" ಅಂದೆ.

"ಕೆಲಸ?"

ತುಳಸಿ ಕಟ್ಟೆ ಕಡೆ ನೋಡಿದೆ. ಅವನು ಮತ್ತೆ ಕೇಳಿದ.

"ಸಿಗಲ್ಲ."

"ಖರ್ಚು?"

"ಗೋಡೆಗೆ ಸುಣ್ಣ ಕೂಡ ಹೊಡಿಸಲ್ಲ."

ಅವನು ಟ್ಯಾಬನ್ನು ಎದೆಯಿಂದ ತೆಗೆದು ನೋಡಿದ. "ಖರ್ಚಿನ ಮುಂದೆ ಸುಣ್ಣ ಅಂತಾನೂ ಬರೆದಿದಾಳೆ" ಅಂದ. ಆಮೇಲೆ ಗೇಟಿನ ಕಡೆ ತಿರುಗಿ, "ಸರಿಯಾಗಿದೆ, ಬಾಮ್ಮ ಒಳಗೆ" ಅಂದ. ಹುಡುಗಿಯ ಕೆಲಸ ಉಳಿಯಿತು.

ಕೊಪ್ಪಳದವಳು ಸೆರಗಿನ ಮರೆ ಮಾಡಿ ದೀಪ ಎತ್ತಿಕೊಂಡು, ನನ್ನ ಮಾತಿನಿಂದ ಅದನ್ನು ದೂರ ಒಯ್ಯುವವಳ ಹಾಗೆ ಒಳಗೆ ಹೋದಳು. ಗಂಡ ಹಿಂದೆ ಹೋದ. ಬಾಗಿಲು ಹಾಕಿಕೊಂಡರು. ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು, ಏನೋ ಹೇಳೋಕೆ ಬಾಯಿ ತೆಗೆದಳು. "ಹೋಗು, ಬಸ್ಸು ತಪ್ಪುತ್ತೆ" ಅಂದೆ. ಅವಳ ಮೇಲೆ ಕೋಪ ಇರಲಿಲ್ಲ. ಯಾರ ಮೇಲೂ ಇರಲಿಲ್ಲ. ಆದರೆ ನಿಲ್ಲೋಕೆ ಆಗುತ್ತಿರಲಿಲ್ಲ.

ಅಸ್ತು ಅನ್ನುವವರು ಮೇಲೆ ಯಾರೂ ಇಲ್ಲ ಅಂತ ನಾನು ತಿಳಿದವಳು. ಇದ್ದಿದ್ದರೆ ಇಷ್ಟು ವರ್ಷ ಇಷ್ಟು ದೀಪ ಹಚ್ಚಿದವರು ತಗಡಿನ ಮಾಡಿನ ಕೆಳಗೆ ಯಾಕಿರುತ್ತಿದ್ದರು? ಆದರೆ ನಾನು ತಿಳಿದದ್ದರಿಂದ ಅವಳಿಗೇನು? ನಾಳೆ ಅವನು ಮಿಷಿನ್ ಮುಂದೆ ನಿಂತಾಗ ಸಿಗಲ್ಲ ಅಂದ ನನ್ನ ಮಾತು ಅವನ ಕಿವಿಯಲ್ಲಿ ಇರುತ್ತದೆ. ಕೈ ನಡುಗಿದರೆ ಅದಕ್ಕೆ ದೇವರು ಬೇಕಾಗಿಲ್ಲ. ಹೋಗಿ ಬಾಗಿಲು ತಟ್ಟಿ ಏನಾದರೂ ಹೇಳೋಣ ಅಂತ ಕೊನೆ ರೂಮಿನವರೆಗೂ ಹೋದೆ. ಒಳಗೆ ಟಿವಿ ಸದ್ದೂ ಇಲ್ಲ, ಮಾತೂ ಇಲ್ಲ. ಇನ್ನೂ ದೊಡ್ಡ ಬಾಯಿ ಮಾಡೋದು ಬೇಡ ಅಂತ ವಾಪಸು ಬಂದೆ.

ಮಾರನೇ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಾಗ ಮೊದಲ ಕೊಡ ನಾನು ಹಿಡಿದೆ. ತುಂಬಿದ ಕೊಡವನ್ನು ಹೊರಡುವವರಿಗೆ ಎದುರಾಗುವ ಹಾಗೆ ಗೇಟಿನ ಪಕ್ಕ, ದಿನಾ ನಾನು ನಿಲ್ಲುವ ಜಾಗದಲ್ಲಿ ಇಟ್ಟೆ. ಆಮೇಲೆ ಬ್ರಶ್ಶು ಬಾಯಲ್ಲಿಟ್ಟುಕೊಂಡು ತಾರಸಿ ಹತ್ತಿ, ನೀರಿನ ಟ್ಯಾಂಕಿನ ಹಿಂದೆ ಗೇಟಿಗೆ ಬೆನ್ನು ಹಾಕಿ ಕೂತೆ. ಕೆಳಗೆ ಅವರ ಬಾಗಿಲು ತೆಗೆದದ್ದು, ಅವಳು ಏನೋ ಅಂದದ್ದು, ಅವನ ಶೂ ಸದ್ದು ಕೊಡದ ಹತ್ತಿರ ಒಂದು ಗಳಿಗೆ ನಿಂತದ್ದು ಕೇಳಿಸಿತು. ಗೇಟಿನ ಚಿಲಕ ಮತ್ತೆ ಬೀಳುವವರೆಗೂ ಬಾಯಲ್ಲಿ ನೊರೆ ಇಟ್ಟುಕೊಂಡು ಅಲ್ಲೇ ಕೂತಿದ್ದೆ.